ಲಿನಕ್ಸ್ ಮೇಲಿನ 18 ವರ್ಷಗಳ ದಾವೆ: ಎಸ್‌ಸಿಒ–ಐಬಿಎಂ ವ್ಯಾಜ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಕ್ತ ತಂತ್ರಾಂಶದ (ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶದ) ಲೈಸೆನ್ಸುಗಳ ಬಗ್ಗೆ ಹೊಸ ಎಂಜಿನಿಯರುಗಳಿಗೆ ಹೇಳಿಕೊಡುವಾಗಲೆಲ್ಲ ನಾನು ಶುರು ಮಾಡುವುದು ಈ ಮೊಕದ್ದಮೆಯಿಂದಲೇ. ದಾವೆ ಹೂಡಿದ ಕಾಲಕ್ಕೆ ಅವರಲ್ಲಿ ಹೆಚ್ಚಿನವರು ಅಕ್ಷರಾಭ್ಯಾಸವನ್ನೂ ಮಾಡಿರಲಿಲ್ಲ. ಆದರೂ ಅವರು ಕೇಳುವ ಪ್ರಶ್ನೆಗಳು ಇಪ್ಪತ್ತು ವರ್ಷಗಳ ಹಿಂದೆ ಕೇಳಿಬರುತ್ತಿದ್ದವೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಕಾನೂನು ಸಲಹೆಯಲ್ಲ. ಕೈಯಲ್ಲಿ ನೋಟಿಸ್ ಹಿಡಿದು ಬಂದಿದ್ದರೆ ಮೊದಲು ವಕೀಲರನ್ನು ಕಾಣಿ.

ಒಟ್ಟಾರೆ ಜಗಳ ಏನು?

2003ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಎಸ್‌ಸಿಒ ಗ್ರೂಪ್ ಎಂಬ ಸಣ್ಣ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ಕಂಪ್ಯೂಟರನ್ನು ನಡೆಸುವ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ನಮ್ಮ ಸ್ವತ್ತು, ಅದರ ಗುಟ್ಟುಗಳನ್ನು ಐಬಿಎಂ ತಂದು ಅದೇ ಬಗೆಯ ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಸುರಿದಿದೆ, ನಮ್ಮೊಂದಿಗಿನ ಕರಾರು ಮುರಿದಿದೆ, ಅದಕ್ಕಾಗಿ 100 ಕೋಟಿ ಡಾಲರ್ ಪರಿಹಾರ ಕೊಡಬೇಕು ಎಂಬುದು ಅದರ ಮೊದಲ ವಾದ. ಮೊತ್ತ ಆಮೇಲೆ 300 ಕೋಟಿಗೆ, ಮತ್ತೆ 500 ಕೋಟಿಗೆ ಏರಿತು. 2021ರಲ್ಲಿ 1.425 ಕೋಟಿ ಡಾಲರಿಗೆ ರಾಜಿಯಾಯಿತು. ಅಷ್ಟು ಹೊತ್ತಿಗೆ ಎಸ್‌ಸಿಒ ದಿವಾಳಿ ಅರ್ಜಿ ಹಾಕಿಯೇ 14 ವರ್ಷ ಕಳೆದಿತ್ತು.

ಇದು ನಮ್ಮ ಬ್ಯಾಂಕುಗಳಲ್ಲಿದ್ದ ಎಸ್‌ಸಿಒ ಯೂನಿಕ್ಸ್‌ನ ಕಂಪನಿಯೇ?

ಹೆಸರು ಅದೇ, ಕಂಪನಿ ಬೇರೆ. ತೊಂಬತ್ತರ ದಶಕದಲ್ಲಿ ಬ್ಯಾಂಕ್ ಶಾಖೆಗಳ ಕಪ್ಪು ಪರದೆಗಳ ಮುಂದೆ ಕುಳಿತವರಿಗೆ ಪರಿಚಿತವಾಗಿದ್ದದ್ದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಜ್ ಆಪರೇಷನ್. ಅದು ತನ್ನ ಯೂನಿಕ್ಸ್ ವ್ಯವಹಾರವನ್ನು 2001ರಲ್ಲಿ ಕಾಲ್ಡೇರಾ ಎಂಬ ಕಂಪನಿಗೆ ಮಾರಿ, ತಾನು ಟ್ಯಾರಂಟೆಲ್ಲಾ ಎಂದು ಹೆಸರು ಬದಲಿಸಿಕೊಂಡು ಪಕ್ಕಕ್ಕೆ ಸರಿಯಿತು. ಕೊಂಡ ಕಾಲ್ಡೇರಾ 2002ರಲ್ಲಿ ಎಸ್‌ಸಿಒ ಗ್ರೂಪ್ ಎಂಬ ಹೆಸರು ಇಟ್ಟುಕೊಂಡಿತು.

ಕಾಲ್ಡೇರಾದ ಮೂಲ ಕಸುಬು ಏನು ಗೊತ್ತೇ? ಲಿನಕ್ಸ್ ಮಾರುವುದು. ಲಿನಕ್ಸ್ ಕಳ್ಳಮಾಲು ಎಂದು ಕೂಗಿದ ಅಂಗಡಿಯವನ ಕಪಾಟಿನಲ್ಲೇ ಅದೇ ಮಾಲು, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು, ಹಂಚಿದರೆ ಮೂಲ ಕೋಡನ್ನೂ ಕೊಡಬೇಕು ಎನ್ನುವ ಜಿಪಿಎಲ್ ಲೈಸೆನ್ಸಿನ ಚೀಟಿಯೊಂದಿಗೆ, 2003ರ ಮೇ ತಿಂಗಳವರೆಗೂ ಮಾರಾಟಕ್ಕಿತ್ತು.

ಯೂನಿಕ್ಸ್ ನಿಜವಾಗಿ ಯಾರದ್ದು?

ಇಡೀ ವ್ಯಾಜ್ಯದ ತಿರುಳು ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮೂರಿನ ಜಮೀನಿನ ವ್ಯಾಜ್ಯಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಎಟಿ ಆಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ. 1993ರಲ್ಲಿ ಅದನ್ನು ನಾವೆಲ್ ಕಂಪನಿ ಕೊಂಡಿತು. ನಾವೆಲ್ 1995ರ ಸೆಪ್ಟೆಂಬರಿನಲ್ಲಿ ಸ್ಯಾಂಟಾ ಕ್ರೂಜ್ ಆಪರೇಷನ್‌ಗೆ ಮಾರಾಟ ಕರಾರು ಬರೆದುಕೊಟ್ಟಿತು. ಆ ಕರಾರಿಗೆ ಎರಡು ಷೆಡ್ಯೂಲುಗಳು. ಒಂದರಲ್ಲಿ ಮಾರುತ್ತಿರುವುದೇನು ಎಂಬ ಪಟ್ಟಿ: ಯೂನಿಕ್ಸ್ ಮತ್ತು ಅದರದೇ ಆವೃತ್ತಿಯಾದ ಯೂನಿಕ್ಸ್‌ವೇರ್‌ಗಳ ಎಲ್ಲ ಹಕ್ಕು ಮತ್ತು ಒಡೆತನ. ಇನ್ನೊಂದರಲ್ಲಿ ಮಾರದೆ ಉಳಿಸಿಕೊಂಡದ್ದೇನು ಎಂಬ ಪಟ್ಟಿ: ಯೂನಿಕ್ಸ್, ಯೂನಿಕ್ಸ್‌ವೇರ್ ಎಂಬ ಟ್ರೇಡ್‌ಮಾರ್ಕುಗಳನ್ನು ಬಿಟ್ಟು ಉಳಿದೆಲ್ಲ ಕಾಪಿರೈಟ್ ಮತ್ತು ಟ್ರೇಡ್‌ಮಾರ್ಕುಗಳು. ಒಂದು ಪುಟದಲ್ಲಿ ಇಡೀ ತೋಟ ಕೊಟ್ಟು ಇನ್ನೊಂದು ಪುಟದಲ್ಲಿ ಪಹಣಿ ತನ್ನ ಹೆಸರಿನಲ್ಲೇ ಇಟ್ಟುಕೊಂಡಂತೆ. ಇಷ್ಟು ಸಾಲದು ಎಂಬಂತೆ, ಹಳೆಯ ಯೂನಿಕ್ಸ್ ಲೈಸೆನ್ಸುಗಳಿಂದ ಬರುವ ರಾಯಧನವನ್ನು ಸ್ಯಾಂಟಾ ಕ್ರೂಜ್ ವಸೂಲಿ ಮಾಡಿ ನಾವೆಲ್‌ಗೆ ಕಟ್ಟಬೇಕು, ಅದರಲ್ಲಿ 5 ಶೇಕಡಾ ಮಾತ್ರ ವಾಪಸು ಪಡೆಯಬೇಕು ಎಂದೂ ಬರೆದಿತ್ತು. ಇಂಥವನನ್ನು ಮಾಲೀಕ ಎನ್ನುತ್ತೀರೋ, ಬಾಡಿಗೆ ವಸೂಲಿಗೆ ಇಟ್ಟ ಏಜೆಂಟ್ ಎನ್ನುತ್ತೀರೋ?

ದಾವೆ ಸುದ್ದಿಯಾದ ಮೇಲೆ, 2003ರ ಮೇ 28ರಂದು ನಾವೆಲ್ ಎದ್ದು ನಿಂತು, ಕಾಪಿರೈಟ್ ನಾವು ಮಾರಿಯೇ ಇಲ್ಲ ಎಂದಿತು. ಹತ್ತು ದಿನವೂ ಆಗಿರಲಿಲ್ಲ, ಎಸ್‌ಸಿಒ ತನ್ನ ಕಡತಗಳಿಂದ 1996ರ ಅಕ್ಟೋಬರಿನ ಎರಡನೇ ತಿದ್ದುಪಡಿಯನ್ನು ಹುಡುಕಿ ತೆಗೆಯಿತು. ಸ್ಯಾಂಟಾ ಕ್ರೂಜ್ ತನ್ನ ಹಕ್ಕುಗಳನ್ನು ಚಲಾಯಿಸಲು ‘ಅಗತ್ಯವಿರುವ’ ಕಾಪಿರೈಟುಗಳು ಆ ಉಳಿಸಿಕೊಂಡ ಪಟ್ಟಿಗೆ ಸೇರುವುದಿಲ್ಲ ಎಂದು ಅದರಲ್ಲಿತ್ತು. ನಾವೆಲ್ ತುಸು ಮೆತ್ತಗಾಗಿ, ಇದು ಎಸ್‌ಸಿಒ ಪರವಾಗಿ ಕಾಣುತ್ತದೆ ಎಂದು ಒಪ್ಪಿತು. ಆಮೇಲೆ ಮತ್ತೆ ಗಟ್ಟಿಯಾಯಿತು. ಯಾವ ಕಾಪಿರೈಟ್ ‘ಅಗತ್ಯ’? ಆ ಒಂದು ಪದದ ಮೇಲೆ ಏಳು ವರ್ಷ ವಾದ ನಡೆಯಿತು.

ಕೊನೆಗೆ ಯಾರದ್ದೆಂದು ಯಾರು ಹೇಳಿದರು?

2007ರ ಆಗಸ್ಟ್ 10ರಂದು ನ್ಯಾಯಾಧೀಶ ಡೇಲ್ ಕಿಂಬಲ್, ಕಾಪಿರೈಟ್ ನಾವೆಲ್‌ನದೇ ಎಂದರು. ಮುಂದಿನ ವಿಚಾರಣೆ ಆರಂಭವಾಗಲು ಕೆಲವೇ ದಿನಗಳಿರುವಾಗ ಎಸ್‌ಸಿಒ ದಿವಾಳಿ ಅರ್ಜಿ ಹಾಕಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ, ಕರಾರಿನ ಭಾಷೆ ಅಸ್ಪಷ್ಟವಾಗಿದೆ, ಇದನ್ನು ಜ್ಯೂರಿ ಕೇಳಿ ತೀರ್ಮಾನಿಸಲಿ ಎಂದು ಹಿಂದಕ್ಕೆ ಕಳುಹಿಸಿತು. ಸಾಲ್ಟ್ ಲೇಕ್ ಸಿಟಿಯ ಕೋರ್ಟಿನಲ್ಲಿ ನಾವೆಲ್‌ನ ಅಂದಿನ ಮುಖ್ಯಸ್ಥರೇ ಎಸ್‌ಸಿಒ ಪರ ಸಾಕ್ಷಿ ಹೇಳಿದರು: ನಮ್ಮ ಉದ್ದೇಶ ಕಾಪಿರೈಟ್ ಸಮೇತ ಮಾರುವುದೇ ಆಗಿತ್ತು ಎಂದು. ಕರಾರು ಬರೆದ ವಕೀಲರು, ಬೇಕೆಂದೇ ಬಿಟ್ಟದ್ದು ಎಂದರು. 1995ರ ನಿರ್ದೇಶಕರ ಸಭೆಯ ನಡಾವಳಿಯೂ ಕಾಪಿರೈಟ್ ಉಳಿಸಿಕೊಳ್ಳುತ್ತೇವೆ ಎಂದೇ ಹೇಳುತ್ತಿತ್ತು. ಬಾಯಿಮಾತಿನ ಮುಂದೆ ನಡಾವಳಿ ಪುಸ್ತಕ ಗೆದ್ದಿತು. 2010ರ ಮಾರ್ಚ್ 30ರಂದು ಜ್ಯೂರಿ ನಾವೆಲ್ ಪರ ತೀರ್ಪು ಕೊಟ್ಟಿತು. 2011ರಲ್ಲಿ ಮೇಲ್ಮನವಿಯಲ್ಲೂ ಅದು ನಿಂತಿತು.

ಅಂದರೆ ಏಳು ವರ್ಷ ಲೋಕಕ್ಕೆಲ್ಲ ನೋಟಿಸ್ ಹಂಚಿದ ಕಂಪನಿಗೆ, ನೋಟಿಸ್ ಕೊಡುವ ಅಧಿಕಾರ ತಂದುಕೊಡುವ ಆಸ್ತಿಯೇ ಇರಲಿಲ್ಲ.

ಲಿನಕ್ಸ್‌ನಲ್ಲಿ ಕದ್ದ ಕೋಡ್ ಸಿಕ್ಕಿತೇ?

ಎಸ್‌ಸಿಒ ಸಾರ್ವಜನಿಕವಾಗಿ ತೋರಿಸಿದ್ದು ಒಮ್ಮೆ, 2003ರ ಆಗಸ್ಟ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ತನ್ನ ವ್ಯಾಪಾರಿಗಳ ಸಮಾವೇಶದಲ್ಲಿ. ಪರದೆಯ ಮೇಲೆ ಯೂನಿಕ್ಸ್ ಕೋಡ್ ಮತ್ತು ಲಿನಕ್ಸ್ ಕೋಡ್ ಅಕ್ಕಪಕ್ಕ ಮೂಡಿದವು. ಗುಟ್ಟು ಬಯಲಾಗಬಾರದೆಂದು ಟಿಪ್ಪಣಿಯ ಸಾಲುಗಳನ್ನು ಗ್ರೀಕ್ ಅಕ್ಷರಗಳಲ್ಲಿ ಕಾಣಿಸಿದ್ದರು. ಯಾರೋ ಫೋಟೋ ತೆಗೆದರು, ಅದು ಜರ್ಮನಿಯ ಪತ್ರಿಕೆಯೊಂದರಲ್ಲಿ ಬಂತು. ನೋಡಿದರೆ ಆ ಗ್ರೀಕ್ ಗೂಢಲಿಪಿಯೇನೂ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೇ ಸಿಂಬಲ್ ಫಾಂಟ್ ಹಾಕಿದ್ದರು. ನುಡಿ ತಂತ್ರಾಂಶದಲ್ಲಿ ಬರೆದದ್ದನ್ನು ತಪ್ಪು ಫಾಂಟಿನಲ್ಲಿ ತೆರೆದು ಗೀಚುಗಳನ್ನು ಕಂಡಿರುವ ಕನ್ನಡಿಗರಿಗೆ ಈ ಒಗಟು ಬಿಡಿಸಲು ಒಂದು ನಿಮಿಷ ಸಾಕಿತ್ತು.

ಅಕ್ಷರ ಸರಿಮಾಡಿ ಓದಿದಾಗ ಸಿಕ್ಕಿದ್ದು ಮೆಮೊರಿ ಹಂಚುವ ಒಂದು ಸಣ್ಣ ತುಣುಕು. ಎಸ್‌ಜಿಐ ಕಂಪನಿ ಇಟಾನಿಯಂ ಚಿಪ್‌ಗಳ ತನ್ನ ದೊಡ್ಡ ಯಂತ್ರಗಳಿಗಾಗಿ ಸೇರಿಸಿದ್ದ ಭಾಗದಲ್ಲಿ ಅದು ಇತ್ತು. ಮನೆಯಲ್ಲೋ ಕಚೇರಿಯಲ್ಲೋ ಲಿನಕ್ಸ್ ಬಳಸುವವರ ಯಂತ್ರದಲ್ಲಿ ಅದು ಓಡುವ ಸಂಭವವೇ ಇರಲಿಲ್ಲ. ಮೂಲ ಎಪ್ಪತ್ತರ ದಶಕದ ಯೂನಿಕ್ಸ್. ಆ ಹಳೆಯ ಯೂನಿಕ್ಸ್ ಆವೃತ್ತಿಗಳನ್ನು ಮೂಲದವರ ಹೆಸರು ಉಳಿಸಿ ಯಾರಾದರೂ ಬಳಸಬಹುದಾದ, ಬಿಎಸ್‌ಡಿ ಮಾದರಿಯ ಮುಕ್ತ ಲೈಸೆನ್ಸಿನಲ್ಲಿ 2002ರ ಜನವರಿಯಲ್ಲಿ ಬಿಡುಗಡೆ ಮಾಡಿದ್ದವರು ಯಾರು? ಕಾಲ್ಡೇರಾ. ಹೌದು, ಅವರೇ. ಹೆಸರು ಉಲ್ಲೇಖಿಸದೆ ತೆಗೆದುಕೊಂಡದ್ದು ಎಸ್‌ಜಿಐ ತಪ್ಪು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು 500 ಕೋಟಿ ಡಾಲರಿನ ತಪ್ಪಲ್ಲ. ಎರಡನೇ ಸ್ಲೈಡಿನಲ್ಲಿದ್ದ ‘ಎಸ್‌ಸಿಒ ಕೋಡ್’ ಬರ್ಕ್ಲಿ ವಿಶ್ವವಿದ್ಯಾಲಯದ ಮುಕ್ತ ಯೂನಿಕ್ಸ್ ಆವೃತ್ತಿ ಬಿಎಸ್‌ಡಿಯಿಂದ ಬಂದದ್ದು.

ಕೋರ್ಟಿಗಾದರೂ ಪೂರ್ತಿ ತೋರಿಸಿದರೇ?

ಕಡತ, ಆವೃತ್ತಿ, ಸಾಲು ಹೇಳಿ ಎಂದು ಕೋರ್ಟ್ ಮತ್ತೆ ಮತ್ತೆ ಆದೇಶಿಸಿತು. ಎಸ್‌ಸಿಒ 294 ಬಾಬುಗಳ ಪಟ್ಟಿ ಕೊಟ್ಟಿತು. ಬಹಳಷ್ಟರಲ್ಲಿ ಸಾಲಿನ ಸಂಖ್ಯೆಯೇ ಇಲ್ಲ. 2006ರ ಜೂನ್‌ನಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಬ್ರೂಕ್ ವೆಲ್ಸ್ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕಿತ್ತೆಸೆದರು. ಅವರ ಹೋಲಿಕೆ ನನಗೆ ಬಹಳ ಇಷ್ಟ. ದೊಡ್ಡ ಮಳಿಗೆಯಿಂದ ಹೊರಬಂದವನನ್ನು ಕಳ್ಳ ಎಂದು ತಡೆದು ನಿಲ್ಲಿಸುತ್ತೀರಿ. ಏನು ಕದ್ದೆ ಎಂದು ಅವನು ಕೇಳಿದರೆ ಮಳಿಗೆಯ ಪೂರ್ತಿ ಕ್ಯಾಟಲಾಗ್ ಕೈಗಿಟ್ಟು, ಇದರಲ್ಲೆಲ್ಲೋ ಇದೆ, ನೀನೇ ಹುಡುಕಿಕೋ ಎನ್ನುತ್ತೀರಿ. ಇದು ನಡೆಯುವ ಮಾತಲ್ಲ ಎಂದರು.

ಹಾಗಾದರೆ ಐಬಿಎಂ ಲಿನಕ್ಸ್‌ಗೆ ಏನೂ ಕೊಟ್ಟಿರಲಿಲ್ಲವೇ?

ಕೊಟ್ಟಿತ್ತು, ಬೇಕಾದಷ್ಟು. ಆದರೆ ಅದು ಐಬಿಎಂ ಸ್ವಂತದ್ದು. ಎಸ್‌ಸಿಒ ವಾದದ ಜಾಣತನ ಇಲ್ಲಿದೆ. ಐಬಿಎಂ 1985ರಲ್ಲಿ ಯೂನಿಕ್ಸ್ ಲೈಸೆನ್ಸ್ ಪಡೆದು ಎಐಎಕ್ಸ್ ಎಂಬ ತನ್ನದೇ ಆವೃತ್ತಿ ಮಾಡಿತು. ಸೀಕ್ವೆಂಟ್ ಎಂಬ ಕಂಪನಿ ಹಾಗೆಯೇ ಡೈನಿಕ್ಸ್ ಮಾಡಿತು. ಆ ಸೀಕ್ವೆಂಟನ್ನು ಐಬಿಎಂ 1999ರಲ್ಲಿ ಕೊಂಡಿತು. ಯೂನಿಕ್ಸ್‌ಗೆ ಅಂಟಿಕೊಂಡು ಬೆಳೆದದ್ದೆಲ್ಲ, ಬರೆದವರು ಯಾರೇ ಇರಲಿ, ಯೂನಿಕ್ಸಿನಂತೆಯೇ ಗುಟ್ಟಾಗಿಡಬೇಕು ಎಂದು ಎಸ್‌ಸಿಒ ಹೇಳಿತು. ಗೇಣಿಗೆ ಪಡೆದ ಹೊಲದ ಬದುವಿನಲ್ಲಿ ನೀವು ನೆಟ್ಟ ತೆಂಗೂ ಧಣಿಯದೇ ಎಂಬ ವರಸೆ. ಆದರೆ 1985ರಲ್ಲೇ ಎಟಿ ಆಂಡ್ ಟಿ ಐಬಿಎಂಗೆ ಒಂದು ಪತ್ರ ಬರೆದುಕೊಟ್ಟಿತ್ತು: ನೀವು ಮಾಡಿದ ಮಾರ್ಪಾಡುಗಳು ನಿಮ್ಮವೇ ಎಂದು. ಮತ್ತೆ ಕಾಗದ.

ಇಲ್ಲೊಂದು ನಮ್ಮ ಕಡೆಯ ಎಳೆಯೂ ಇದೆ. ವಿವಾದಕ್ಕೆ ಎಳೆದ ತಂತ್ರಗಳಲ್ಲಿ ಆರ್‌ಸಿಯು ಮುಖ್ಯವಾದದ್ದು. ಅನೇಕ ಪ್ರೊಸೆಸರುಗಳು ಒಂದೇ ದತ್ತಾಂಶವನ್ನು ಬೀಗ ಹಾಕಿಕೊಳ್ಳದೆ ಓದುವ ಉಪಾಯ ಅದು. ಸೀಕ್ವೆಂಟ್‌ನಲ್ಲಿ ಹುಟ್ಟಿ, 2002ರ ಅಕ್ಟೋಬರಿನಲ್ಲಿ ಲಿನಕ್ಸ್ ಸೇರಿತು. ಆ ಕಡತದ ತಲೆಯ ಸಾಲುಗಳನ್ನು ಓದಿ: ಕಾಪಿರೈಟ್ ಐಬಿಎಂ, 2001; ಕೆಳಗೆ ಲೇಖಕರೆಂದು ಇರುವುದು ಐಬಿಎಂನ ಭಾರತ ಘಟಕದ ಎಂಜಿನಿಯರ್ ಒಬ್ಬರ ಹೆಸರು. ಯೂಟಾದಲ್ಲಿ ವಕೀಲರು ವಾದಿಸುತ್ತಿದ್ದ ಸಾಲುಗಳನ್ನು ಇಲ್ಲಿನ ಎಂಜಿನಿಯರ್ ಬರೆದಿದ್ದರು.

ಬಳಕೆದಾರರಿಗೂ ನೋಟಿಸ್ ಹೋಗಿತ್ತಂತೆ?

ಸುಮಾರು 1,500 ದೊಡ್ಡ ಕಂಪನಿಗಳಿಗೆ ಪತ್ರ ಹೋಯಿತು. 2003ರ ಆಗಸ್ಟ್‌ನಲ್ಲಿ ಎಸ್‌ಸಿಒ ಲೈಸೆನ್ಸಿನ ಬೆಲೆಪಟ್ಟಿಯೂ ಬಂತು: ಒಂದು ಪ್ರೊಸೆಸರಿನ ಸರ್ವರ್‌ಗೆ 699 ಡಾಲರ್. ಆಗಿನ ದರದಲ್ಲಿ 30 ಸಾವಿರ ರೂಪಾಯಿಗೂ ಹೆಚ್ಚು, ಅದೂ ಪುಕ್ಕಟೆ ಸಿಗುವ ಲಿನಕ್ಸ್‌ಗೆ. 2004ರಲ್ಲಿ ಆಟೋಜೋನ್ ಮತ್ತು ಡೈಮ್ಲರ್‌ಕ್ರೈಸ್ಲರ್ ಮೇಲೆ ದಾವೆ ಬಿತ್ತು. ಡೈಮ್ಲರ್‌ಕ್ರೈಸ್ಲರ್ ಕೊಟ್ಟ ಉತ್ತರ: ನಿಮ್ಮ ಯೂನಿಕ್ಸ್ ಬಳಸುವುದನ್ನು ನಾವು ಬಿಟ್ಟು ಏಳು ವರ್ಷಕ್ಕೂ ಮೇಲಾಯಿತು. ಆ ದಾವೆಯ ಬಹುಭಾಗ ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು.

ಆ ದಿನಗಳಲ್ಲಿ ನಾನಿದ್ದ ಬೆಂಗಳೂರಿನ ಕಚೇರಿಗೆ ಹೊರದೇಶದ ಗ್ರಾಹಕರೊಬ್ಬರಿಂದ ಒಂದು ಹಾಳೆಯ ಪ್ರಶ್ನಾವಳಿ ಬಂತು. ನಿಮ್ಮಲ್ಲಿ ಲಿನಕ್ಸ್ ಓಡುವ ಯಂತ್ರಗಳೆಷ್ಟು, ಯಾರಾದರೂ ದಾವೆ ಹಾಕಿದರೆ ಖರ್ಚು ಯಾರು ಹೊರುತ್ತಾರೆ? ನಮ್ಮ ಲೆಕ್ಕಿಗರು ಎರಡನೇ ಪ್ರಶ್ನೆಯ ಎದುರು ಪೆನ್ಸಿಲಿನಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ ನನ್ನ ಮೇಜಿನ ಮೇಲಿಟ್ಟು ಹೋದರು. ಲೈಸೆನ್ಸನ್ನು ಮೊದಲಿನಿಂದ ಕೊನೆಯವರೆಗೆ ನಾನು ಓದಿದ್ದು ಅಂದೇ ಮೊದಲು.

ಯಾರಾದರೂ ಹಣ ಕಟ್ಟಿದರೇ?

ಕೆಲವರು. ಇವಿ1ಸರ್ವರ್ಸ್ ಎಂಬ ಕಂಪನಿ 2004ರಲ್ಲಿ ಕಟ್ಟಿತು, ಅದರ ಮುಖ್ಯಸ್ಥರು ಆಮೇಲೆ ಪಶ್ಚಾತ್ತಾಪಪಟ್ಟರು. ಮೈಕ್ರೋಸಾಫ್ಟ್ ಮತ್ತು ಸನ್ ಕಂಪನಿಗಳು ಯೂನಿಕ್ಸ್ ಲೈಸೆನ್ಸ್ ಹೆಸರಿನಲ್ಲಿ ಕೊಟ್ಟದ್ದೇ ದೊಡ್ಡ ಗಂಟು. ಸನ್ ಕೊಟ್ಟದ್ದರಲ್ಲಿ ಸುಮಾರು 25 ಲಕ್ಷ ಡಾಲರ್ ನಾವೆಲ್‌ಗೆ ಸಲ್ಲಬೇಕಾದದ್ದು ಎಂದು 2008ರಲ್ಲಿ ಕೋರ್ಟ್ ಹೇಳಿತು.

ಒಡೆತನ 2011ರಲ್ಲೇ ತೀರ್ಮಾನವಾದ ಮೇಲೆ 2021ರವರೆಗೆ ಎಳೆದದ್ದೇಕೆ?

ಕಾಪಿರೈಟ್ ಹೋದರೂ ಒಂದು ಬೇರೆ ತಗಾದೆ ಉಳಿದಿತ್ತು. 1998ರಲ್ಲಿ ಐಬಿಎಂ ಮತ್ತು ಹಳೆಯ ಸ್ಯಾಂಟಾ ಕ್ರೂಜ್ ಸೇರಿ ಪ್ರಾಜೆಕ್ಟ್ ಮಾಂಟೆರೇ ಎಂಬ ಜಂಟಿ ಕೆಲಸ ಶುರು ಮಾಡಿ ನಡುವೆ ಕೈಬಿಟ್ಟಿದ್ದವು. ಅಲ್ಲಿ ಪಡೆದ ಕೋಡನ್ನು ಐಬಿಎಂ ತನ್ನ ಎಐಎಕ್ಸ್‌ನಲ್ಲಿ ಬಳಸಿತು ಎಂಬ ದೂರು. ಇದಕ್ಕೂ ಲಿನಕ್ಸ್‌ಗೂ ಸಂಬಂಧ ಕಡಿಮೆ. 2016ರಲ್ಲಿ ವಜಾ ಆದದ್ದಕ್ಕೆ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುಜೀವ ಕೊಟ್ಟಿತು. ನಾಲ್ಕು ವರ್ಷಗಳ ನಂತರ ಐಬಿಎಂ, ದಿವಾಳಿ ಆಡಳಿತಾಧಿಕಾರಿಗೆ ಹಣ ಕೊಟ್ಟು ಕೈತೊಳೆದುಕೊಂಡಿತು.

ಅಂತೂ ಜಿಪಿಎಲ್ ಸಿಂಧು ಎಂದು ಕೋರ್ಟ್ ಹೇಳಿತಲ್ಲವೇ?

ಇಲ್ಲ. ಇದು ಎಲ್ಲರೂ ಮಾಡುವ ತಪ್ಪು. ಜಿಪಿಎಲ್ ಅಮೆರಿಕದ ಸಂವಿಧಾನಕ್ಕೇ ವಿರುದ್ಧ ಎಂದು ಎಸ್‌ಸಿಒ ವಾದಿಸಿತ್ತು ನಿಜ, ಆದರೆ ಈ ಮೊಕದ್ದಮೆ ಆ ಪ್ರಶ್ನೆಯವರೆಗೆ ಹೋಗಲೇ ಇಲ್ಲ. ಉತ್ತರ ಬೇರೆ ಕಡೆ ಸಿಕ್ಕಿತು. 2004ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ, ಜಿಪಿಎಲ್ ಪಾಲಿಸದೆ ರೂಟರ್ ಮಾರುತ್ತಿದ್ದ ಸೈಟ್‌ಕಾಮ್ ಕಂಪನಿಗೆ ತಡೆಯಾಜ್ಞೆ ಕೊಟ್ಟಿತು.

ಅಮೆರಿಕದಲ್ಲಿ ದಾರಿ ತೆರೆದದ್ದು ಆಟಿಕೆ ರೈಲು. ಮಾದರಿ ರೈಲುಗಳನ್ನು ಕಂಪ್ಯೂಟರಿನಿಂದ ಓಡಿಸುವ ಹವ್ಯಾಸಿಗಳ ಮುಕ್ತ ತಂತ್ರಾಂಶವೊಂದಿತ್ತು. ಅದರ ಕಡತಗಳನ್ನು ಒಬ್ಬ ವ್ಯಾಪಾರಿ ಬರೆದವರ ಹೆಸರು ಅಳಿಸಿ ಬಳಸಿಕೊಂಡ. ಕೆಳಗಿನ ಕೋರ್ಟ್, ಇದು ಬರಿಯ ಕರಾರಿನ ಮಾತು, ತಡೆಯಾಜ್ಞೆ ಇಲ್ಲ ಎಂದಿತ್ತು. 2008ರ ಆಗಸ್ಟ್ 13ರಂದು ಜೇಕಬ್ಸನ್ ವಿರುದ್ಧ ಕ್ಯಾಟ್ಜರ್ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು: ಹೆಸರು ಉಳಿಸಬೇಕು, ಬದಲಾವಣೆ ತಿಳಿಸಬೇಕು ಎಂಬುವು ಲೈಸೆನ್ಸಿನ ಷರತ್ತುಗಳು, ಷರತ್ತು ಮೀರಿದರೆ ಅದು ಕಾಪಿರೈಟ್ ಉಲ್ಲಂಘನೆಯೇ. ಪುಕ್ಕಟೆ ಕೊಟ್ಟ ಮಾತ್ರಕ್ಕೆ ಬರೆದವರು ಎಲ್ಲವನ್ನೂ ಬಿಟ್ಟುಕೊಟ್ಟಂತಲ್ಲ. 2010ರಲ್ಲಿ ಒಂದು ಲಕ್ಷ ಡಾಲರಿಗೆ ರಾಜಿಯಾಯಿತು. ಎಸ್‌ಸಿಒದ ಕೋಟಿಗಳಿಗಿಂತ ಈ ಲಕ್ಷವೇ ಮುಕ್ತ ತಂತ್ರಾಂಶಕ್ಕೆ ಹೆಚ್ಚು ಬೆಲೆಬಾಳಿತು ಎಂದು ನನ್ನ ಎಣಿಕೆ.

ಒರೇಕಲ್–ಗೂಗಲ್ ವ್ಯಾಜ್ಯವೂ ಇದೇ ಬಗೆಯದೇ?

ಅಲ್ಲ. ಅಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಯಾರದೆಂಬ ತಕರಾರಿರಲಿಲ್ಲ; ಅದರ ಎಪಿಐಯ (ಪ್ರೋಗ್ರಾಂಗಳು ಅದರ ಸೌಲಭ್ಯಗಳನ್ನು ಕರೆಯುವ ಭಾಗದ) ಸುಮಾರು 11,500 ಸಾಲುಗಳನ್ನು ಗೂಗಲ್ ಆಂಡ್ರಾಯ್ಡ್‌ಗೆ ಎತ್ತಿಕೊಂಡದ್ದು ಸರಿಯೇ ಎಂಬುದಷ್ಟೇ ಪ್ರಶ್ನೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–2ರ ಬಹುಮತದಿಂದ, ಅದು ನ್ಯಾಯೋಚಿತ ಬಳಕೆ ಎಂದಿತು.

ಲಿನಕ್ಸ್‌ಗೆ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವಾಗ ಸಹಿಯ ಸಾಲು ಏಕೆ ಕೇಳುತ್ತಾರೆ?

ಎಸ್‌ಸಿಒ ಬಿಟ್ಟುಹೋದ ಗಾಯದ ಕಲೆ ಅದು. 2004ರ ಮೇ ತಿಂಗಳಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಈ ಪದ್ಧತಿ ತಂದರು. ಇದನ್ನು ನಾನೇ ಬರೆದೆ, ಅಥವಾ ಕೊಡುವ ಹಕ್ಕಿರುವವರಿಂದ ಪಡೆದೆ ಎಂದು ಪ್ರತಿ ಪ್ಯಾಚಿನ ಕೆಳಗೂ ಹೆಸರು ಹಾಕಿ ಹೇಳಬೇಕು. ಮುಂದೆಂದಾದರೂ ‘ಇದು ಎಲ್ಲಿಂದ ಬಂತು’ ಎಂದು ಯಾರಾದರೂ ಕೇಳಿದರೆ, ತೋರಿಸಲು ಒಂದು ಹೆಸರು, ಒಂದು ದಿನಾಂಕ.

ನಾನು ಕಂಪನಿಯೊಂದರ ಉದ್ಯೋಗಿ. ರಾತ್ರಿ ಮನೆಯಲ್ಲಿ ಬರೆದ ಕೋಡ್ ನನ್ನದಲ್ಲವೇ?

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯಕೃತಿಯ ಸಾಲಿಗೆ ಸೇರುತ್ತದೆ. 17ನೇ ಸೆಕ್ಷನ್ ಹೇಳುವಂತೆ, ಉದ್ಯೋಗದ ಕೆಲಸವಾಗಿ ಬರೆದದ್ದರ ಮೊದಲ ಒಡೆಯ ಉದ್ಯೋಗದಾತ, ಬೇರೆ ಒಪ್ಪಂದ ಇಲ್ಲದಿದ್ದರೆ. ರಾತ್ರಿಯೋ ಹಗಲೋ, ಯಾರ ಲ್ಯಾಪ್‌ಟಾಪೋ ಎಂಬುದಷ್ಟರಿಂದಲೇ ತೀರ್ಮಾನವಾಗುವುದಿಲ್ಲ. ಅದಕ್ಕಿಂತ ಮುಖ್ಯ, ನೇಮಕಾತಿ ಪತ್ರದ ಒಂಬತ್ತನೇ ಪುಟದಲ್ಲಿ ನೀವು ಓದದೆ ಸಹಿ ಹಾಕಿದ ಪ್ಯಾರಾ. ಪರಿಚಯದ ಯುವಕನೊಬ್ಬ ಕನ್ನಡ ಪದಪರೀಕ್ಷಕಕ್ಕೆ ತಿಂಗಳುಗಟ್ಟಲೆ ರಾತ್ರಿ ಕೆಲಸ ಮಾಡಿದ್ದ. ಪ್ರಕಟಿಸುವ ಹಿಂದಿನ ದಿನ ಆ ಪ್ಯಾರಾ ಓದಿದ: ಉದ್ಯೋಗದಲ್ಲಿರುವಷ್ಟು ಕಾಲ ಬರೆದದ್ದೆಲ್ಲವೂ ಕಂಪನಿಗೆ. ಮೇಲಧಿಕಾರಿಯನ್ನು ಕೇಳಿ, ಇದರಲ್ಲಿ ನಮಗೆ ಆಸಕ್ತಿಯಿಲ್ಲ, ಪ್ರಕಟಿಸಬಹುದು ಎಂಬ ಒಂದು ಸಾಲಿನ ಮಿಂಚಂಚೆ ಪಡೆದ. ಅದನ್ನು ಮುದ್ರಿಸಿ ಅಂಕಪಟ್ಟಿಗಳ ಫೈಲಿನಲ್ಲಿಟ್ಟಿದ್ದಾನೆ.

ಯೋಜನೆಯೊಂದು ನನ್ನ ಕಾಪಿರೈಟನ್ನೇ ಬರೆದುಕೊಡಿ ಎನ್ನುತ್ತಿದೆ. ಕೊಡಲೇ?

ಕೊಡುವುದು ನಿಮಗೆ ಬಿಟ್ಟದ್ದು, ಓದುವುದು ಮಾತ್ರ ಕಡ್ಡಾಯ. ನಮ್ಮ ಕಾಯ್ದೆಯ 19ನೇ ಸೆಕ್ಷನ್ ಒಂದು ವಿಚಿತ್ರ ಬೀಗ ಹಾಕಿದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹೊರದೇಶದ ನಮೂನೆಯನ್ನು ನಕಲು ಮಾಡಿ ಇಲ್ಲಿ ಸಹಿ ಹಾಕಿಸಿಕೊಂಡವರು ಆರನೇ ವರ್ಷ ಬೆಚ್ಚಿಬೀಳಬಹುದು.

ಜಿಪಿಎಲ್ ಕೋಡ್ ಬಳಸಿ ಮೂಲ ಕೊಡದಿದ್ದರೆ ದೊಡ್ಡ ಕಂಪನಿಗಳಿಗೆ ಏನಾದೀತು?

ಫ್ರಾನ್ಸಿನ ಆರೆಂಜ್ ಕಂಪನಿಯನ್ನು ನೋಡಿ. ಆಂಟ್ರೂವೇರ್ ಎಂಬ ಪುಟ್ಟ ಸಹಕಾರಿ ಸಂಸ್ಥೆಯ ಜಿಪಿಎಲ್ ಕೋಡ್ ಬಳಸಿ ಷರತ್ತು ಪಾಲಿಸದ ಕಾರಣಕ್ಕೆ 2024ರ ಫೆಬ್ರುವರಿಯಲ್ಲಿ ಪ್ಯಾರಿಸಿನ ಮೇಲ್ಮನವಿ ನ್ಯಾಯಾಲಯ ಆರೆಂಜ್‌ಗೆ ನಷ್ಟಕ್ಕಾಗಿ 5 ಲಕ್ಷ ಯೂರೋ, ಅದರ ಮೇಲೆ ಹಣಕಾಸಿನದ್ದಲ್ಲದ ಹಾನಿಗೆಂದು 1.5 ಲಕ್ಷ ಯೂರೋ ಕಟ್ಟಲು ಹೇಳಿತು.

ಆ ನಾವೆಲ್ ಕರಾರನ್ನು ನಾನೂ ಓದಬಹುದೇ?

ಓದಬಹುದು, ಕೋರ್ಟಿನ ದಾಖಲೆಯಾಗಿ ಬಹಿರಂಗವಾಗಿದೆ. ಮೊದಲಿನಿಂದ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ನೇರ ಷೆಡ್ಯೂಲ್ 1.1(ಬಿ)ಗೆ ಹೋಗಿ, ಅದರಲ್ಲಿ ಬೌದ್ಧಿಕ ಆಸ್ತಿ ಎಂಬ ಐದನೇ ಬಾಬು ಹುಡುಕಿ. ಅಲ್ಲಿರುವುದು ಎರಡೇ ಸಣ್ಣ ನಮೂದು: ಕಾಪಿರೈಟ್ ಮತ್ತು ಟ್ರೇಡ್‌ಮಾರ್ಕಿನದು ಒಂದು, ಪೇಟೆಂಟಿನದು ಇನ್ನೊಂದು. ಮೊದಲನೆಯದು ಒಂದೂವರೆ ಸಾಲನ್ನೂ ದಾಟುವುದಿಲ್ಲ.